ಶರಾವತಿ ಕಣಿವೆ: ಬಂದದ್ದು, ಹೋದದ್ದು

ನಮ್ಮ ಶಾಲೆಗಳಲ್ಲಿ ‘ಪ್ರವಾಸ’ ಎಂಬ ಮಾತಿಗೆ ಬಹುಕಾಲದಿಂದ ಒಂದೇ ಅರ್ಥ ರೂಢಿಯಲ್ಲಿದೆ. ಡಿಸೆಂಬರ್ ತಿಂಗಳಲ್ಲಿ ಬಾಡಿಗೆ ಬಸ್ಸಿನಲ್ಲಿ ಮಕ್ಕಳನ್ನು ತುಂಬಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು ಎಂದು ಮೂರು ದಿನಗಳಲ್ಲಿ ಸುತ್ತಿ ಬರುವುದು. ಅದು ಬೇಡವೆಂದು ನಾನು ಹೇಳಲಾರೆ. ಮನೆಯ ಅಂಗಳ ಬಿಟ್ಟು ಹೊರಗೆ ಮಲಗಿ ಅರಿಯದ ಮಗುವಿಗೆ ಆ ಮೂರು ದಿನಗಳು ದೊಡ್ಡ ಸಂಪತ್ತೇ ಸರಿ. ಆದರೆ ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದ ನನಗೆ ಒಂದು ಕೊರಗು ಇದ್ದೇ ಇತ್ತು. ಮೈಸೂರಿನ ದೀಪಾಲಂಕಾರವನ್ನು ಕಣ್ಣರಳಿಸಿ ನೋಡಿ ಬಂದ ನಮ್ಮ ಸಾಗರ ಸೀಮೆಯ ಮಕ್ಕಳಿಗೆ, ತಮ್ಮದೇ ತಾಲ್ಲೂಕಿನ ಹೊಳೆಯಿಂದ ನಾಡಿಗೆಲ್ಲ ಬೆಳಕು ಹರಿಯಿತೆಂಬ ಸಂಗತಿ ಪಠ್ಯಪುಸ್ತಕದ ಒಂದು ಸಾಲಾಗಿ ಮಾತ್ರ ತಿಳಿದಿತ್ತು. ಬಿಟ್ಟ ಸ್ಥಳ ತುಂಬಿರಿ: ಲಿಂಗನಮಕ್ಕಿ ಅಣೆಕಟ್ಟನ್ನು ಡ್ಯಾಷ್ ನದಿಗೆ ಕಟ್ಟಲಾಗಿದೆ. ಒಂದು ಅಂಕ. ಅಲ್ಲಿಗೆ ಪಾಠ ಮುಗಿಯಿತು.

ಈ ಕೊರಗಿನಿಂದಲೇ ನಮ್ಮ ಒಂದು ದಿನದ ಕ್ಷೇತ್ರದರ್ಶನಗಳು ಹುಟ್ಟಿದವು. ವಿಜ್ಞಾನದ ಸಹೋದ್ಯೋಗಿಯೊಬ್ಬರು ಜೊತೆಗೂಡಿದರು. ನನ್ನ ಪಾಲಿಗೆ ಇತಿಹಾಸ, ಅವರ ಪಾಲಿಗೆ ಗಿಡ, ಮರ, ಪ್ರಾಣಿ. 2001ರ ಹೊತ್ತಿಗೆ ಕೇಂದ್ರ ಸರ್ಕಾರದ ‘ರಾಷ್ಟ್ರೀಯ ಹಸಿರು ಪಡೆ’ ಯೋಜನೆಯಡಿ ಶಾಲೆಗಳಲ್ಲಿ ಪರಿಸರ ಸಂಘಗಳು ಆರಂಭವಾದವು. ಆ ಹೆಸರಿನಲ್ಲಿ ಹೊರಸಂಚಾರಕ್ಕೆ ಅನುಮತಿ ದೊರೆಯುವುದು ಸ್ವಲ್ಪ ಸುಲಭವಾಯಿತು. ಬುತ್ತಿಗೆ ಚಿತ್ರಾನ್ನ ಅಥವಾ ಅವಲಕ್ಕಿ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ನೂರು ಪುಟದ ನೋಟ್‌ಪುಸ್ತಕ. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ಪುಸ್ತಕದ ನಿಯಮ ನೆನಪಿರಬಹುದು. ಪುಟದ ನಡುವೆ ಗೆರೆ ಎಳೆಯಬೇಕು. ಎಡಗಡೆಗೆ ‘ಬಂದದ್ದು’, ಬಲಗಡೆಗೆ ‘ಹೋದದ್ದು’. ನಾವು ನಿಲ್ಲುವ ಪ್ರತಿಯೊಂದು ಸ್ಥಳದಲ್ಲಿಯೂ ಎರಡೂ ಕಡೆ ಏನಾದರೂ ಬರೆಯಲೇಬೇಕು. ನಮ್ಮ ಅಂಗಡಿಯವರು ಜಮಾ, ಖರ್ಚು ಬರೆಯುವ ಕ್ರಮವನ್ನೇ ನಾನು ಕಣಿವೆಯ ಇತಿಹಾಸಕ್ಕೆ ಅನ್ವಯಿಸಿದ್ದೆ, ಅಷ್ಟೆ.

ಆ ಸಂಚಾರಗಳು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ತರಗತಿಗಳೊಡನೆ ನಡೆದವು. ಅವನ್ನು ನಡೆದ ಕ್ರಮದಲ್ಲಿ ಹೇಳದೆ, ಕಣಿವೆಯ ಇತಿಹಾಸದ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ.

ಕಾನು ಮತ್ತು ಕಾಳುಮೆಣಸು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ನದಿಗಳ ಲೆಕ್ಕದಲ್ಲಿ ಇದು ತೀರ ಚಿಕ್ಕದು. ಆದರೆ ಈ ಚಿಕ್ಕ ನಡಿಗೆಯಲ್ಲಿಯೇ ಮಲೆನಾಡಿನ ಅಡಿಕೆ ತೋಟ, ದಟ್ಟ ನಿತ್ಯಹರಿದ್ವರ್ಣದ ಕಾಡು, 253 ಮೀಟರ್ ಆಳದ ಜೋಗದ ಪ್ರಪಾತ, ಘಟ್ಟದ ಕೆಳಗಿನ ಹಳೆಯ ರಾಜಧಾನಿ, ಕರಾವಳಿಯ ಅಳಿವೆ ಎಲ್ಲವೂ ಇವೆ.

ಜೋಗದಿಂದ ಮಾವಿನಗುಂಡಿ ದಾಟಿ ಹೊನ್ನಾವರದ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ ಕತ್ತಲೆಕಾನು ಎಂಬ ಸ್ಥಳವಿದೆ. ಹೆಸರೇ ಹೇಳುವಂತೆ ಮಧ್ಯಾಹ್ನದಲ್ಲಿಯೂ ನೆರಳು ಗಟ್ಟಿಯಾಗಿರುವ ಕಾಡು. ರಸ್ತೆಯಿಂದ ಸ್ವಲ್ಪ ಒಳಗೆ ನಡೆದರೆ ವರ್ಷವಿಡೀ ನೀರು ಒಸರುವ ಜೌಗು ನೆಲ ಸಿಗುತ್ತದೆ. ಸ್ಥಳೀಯರು ಅದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ. ಕಾಡುಜಾಯಿಕಾಯಿಯ ಜಾತಿಯ ಮರಗಳು ಇಲ್ಲಿ ಕೆಸರಿನಲ್ಲಿ ನಿಂತು, ಉಸಿರಾಟಕ್ಕಾಗಿ ಬೇರುಗಳನ್ನು ಮೊಣಕಾಲಿನಂತೆ ಮೇಲಕ್ಕೆ ಎತ್ತಿರುತ್ತವೆ. ಮರಗಳ ಈ ವಂಶ ಬಹಳ ಪ್ರಾಚೀನವಾದುದು. 2000ನೇ ಇಸವಿಯಲ್ಲಿ ಸಸ್ಯಶಾಸ್ತ್ರಜ್ಞರು ಗೇರಿನ ಬಳಗಕ್ಕೆ ಸೇರಿದ ಹೊಸ ಮರವೊಂದನ್ನು ಇಲ್ಲಿಂದಲೇ ಲೋಕಕ್ಕೆ ಪರಿಚಯಿಸಿ, ಅದಕ್ಕೆ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಈ ಊರಿನ ಹೆಸರನ್ನೇ ಇಟ್ಟರು. ಮಕ್ಕಳಿಗೆ ಇದು ಬಹಳ ಹೆಮ್ಮೆ ತಂದ ಸಂಗತಿ. ಪುಸ್ತಕದ ಲ್ಯಾಟಿನ್ ಹೆಸರಿನೊಳಗೆ ತಮ್ಮ ಪಕ್ಕದ ಊರು ಇರಬಹುದೆಂದು ಅವರು ಎಣಿಸಿರಲಿಲ್ಲ.

ಇದೇ ಕಾಡಿನ ತುದಿಗೊಂಬೆಗಳಲ್ಲಿ ಸಿಂಗಳೀಕಗಳಿವೆ. ಪಶ್ಚಿಮಘಟ್ಟಗಳನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇರದ ಈ ಕೋತಿ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಕೊಂಬೆ ತಾಗುತ್ತಿರಬೇಕು. ನಡುವೆ ಒಂದು ರಸ್ತೆಯೋ ವಿದ್ಯುತ್ ಮಾರ್ಗವೋ ಸೀಳಿದರೆ ಅದರ ಲೋಕ ಎರಡಾಗುತ್ತದೆ. ಅದರ ವಾಸದ ಉತ್ತರದ ಗಡಿ ಇರುವುದು ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ. ನಮ್ಮ ಮಕ್ಕಳು ಮೂರು ಸಂಚಾರಗಳಲ್ಲಿ ಒಮ್ಮೆ ಮಾತ್ರ ಅದರ ಬಾಲದ ತುದಿಯನ್ನು ಕಂಡರು. ಅಂದು ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ.

ಆದರೆ ‘ಕಾನು’ ಎಂಬ ಮಾತನ್ನು ಮನುಷ್ಯಸ್ಪರ್ಶವಿಲ್ಲದ ಕಾಡು ಎಂದು ತಿಳಿಯಬಾರದು. ಇದು ಮಕ್ಕಳಿಗೆ ನಾನು ಕಲಿಸಲು ಬಯಸಿದ ಮೊದಲನೆಯ ಪಾಠ. ಸೊರಬ, ಸಾಗರ, ಸಿದ್ಧಾಪುರ ಸೀಮೆಯಲ್ಲಿ ಕಾನು ಎಂದರೆ ಊರಿನವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಹಸಿರು ಕಾಡು. ಅದರೊಳಗೆ ಊರದೇವರು ಇರುತ್ತದೆ; ನೀರಿನ ಸೆಲೆ ಇರುತ್ತದೆ; ಮರಗಳಿಗೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಇರುತ್ತದೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಾಡಿನಲ್ಲಿಯೇ ಮೆಣಸು ಬೆಳೆಸುವ ಪದ್ಧತಿಯನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಮೆಣಸಿನ ಬಳ್ಳಿಗೆ ನೆರಳು ಬೇಕು, ತೇವ ಬೇಕು, ಆಧಾರಕ್ಕೆ ಮರ ಬೇಕು. ಆದ್ದರಿಂದ ಮೆಣಸಿನಿಂದ ಹಣ ಬರುತ್ತಿದ್ದಷ್ಟು ಕಾಲ ಮರ ಕಡಿಯದಿರುವುದೇ ಲಾಭವಾಗಿತ್ತು. ಕಾಡನ್ನು ಕಾಯ್ದದ್ದು ಭಕ್ತಿಯೂ ಹೌದು, ವ್ಯಾಪಾರವೂ ಹೌದು.

ಆ ವ್ಯಾಪಾರದ ಕುರುಹು ಘಟ್ಟದ ಕೆಳಗೆ ಗೇರುಸೊಪ್ಪೆಯಲ್ಲಿದೆ. 1552ರಿಂದ 1606ರವರೆಗೆ, ಐವತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಇಲ್ಲಿ ಆಳಿದವಳು ಸಾಳುವ ವಂಶದ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಅವರೊಡನೆ ಅವಳಿಗೆ ವ್ಯಾಪಾರವೂ ಇತ್ತು, ಕದನವೂ ಇತ್ತು. ಕೊನೆಗೆ ಅವಳನ್ನು ಸೋಲಿಸಿದ್ದು ಹೊರಗಿನವರಲ್ಲ. ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. ಸೆರೆಯಾಳಾಗಿ ಇಕ್ಕೇರಿಗೆ ಬಂದ ರಾಣಿ ಅಲ್ಲಿಯೇ ತೀರಿಕೊಂಡಳು. ಅವಳ ರಾಜಧಾನಿಯಿದ್ದ ನಗರಬಸ್ತಿಕೇರಿಯಲ್ಲಿ ಈಗ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರು.

ಆ ಬಸದಿಯ ಜಗುಲಿಯಲ್ಲಿ ಕುಳಿತು ಊಟ ಮಾಡುವಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಸರ್, ಇಷ್ಟು ದೊಡ್ಡ ಪಟ್ಟಣ ಇದ್ದಿದ್ದರೆ ಈ ಕಾಡು ಯಾವಾಗ ಬಂತು?” ವಿಜ್ಞಾನದ ಸಹೋದ್ಯೋಗಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾವಿಬ್ಬರೂ ಸಿದ್ಧಪಡಿಸಿರಲಿಲ್ಲ. ಕಾಡು ಮೊದಲು, ಊರು ಆಮೇಲೆ ಎಂಬ ಎಣಿಕೆ ಯಾವಾಗಲೂ ನಿಜವಲ್ಲ. ಊರು ಅಳಿದ ಮೇಲೆ ಬೆಳೆದ ಕಾಡೂ ಉಂಟು. ಇತಿಹಾಸದ ತರಗತಿ, ಜೀವಶಾಸ್ತ್ರದ ತರಗತಿ ಎಂದು ಗಂಟೆ ಹೊಡೆದು ಬೇರೆ ಮಾಡಿದ್ದನ್ನು ಆ ಹುಡುಗ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟಿದ್ದ.

ಗಡಿಯಾಗಿದ್ದ ಹೊಳೆ

ಮೈಸೂರಿನ ಪಾಳೆಯ ಬಿದ್ದ 1799ರ ನಂತರ ಕೆನರಾ ಸೀಮೆ ಕಂಪನಿ ಸರ್ಕಾರದ ಕೈಸೇರಿತು. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ಹೀಗೆ ಜೋಗದ ಬಳಿ ಶರಾವತಿಯ ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ದಡ ಬೊಂಬಾಯಿ ಎಂದಾಯಿತು. ಜಲಪಾತದ ಎರಡು ಕಡೆಯ ಎರಡು ಬಂಗಲೆಗಳನ್ನು ‘ಮೈಸೂರು ಬಂಗಲೆ’, ‘ಬೊಂಬಾಯಿ ಬಂಗಲೆ’ ಎಂದು ನಮ್ಮ ಹಿರಿಯರು ಕರೆಯುತ್ತಿದ್ದುದು ಈ ಕಾರಣಕ್ಕಾಗಿ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೂ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳು ಗಡಿಯ ಮೇಲೆಯೇ ಧುಮುಕುತ್ತಿದ್ದವು.

ಇದೇ ಕಾಲದಲ್ಲಿ ಕಾಡಿನ ಒಡೆತನವೂ ಬದಲಾಯಿತು. 1878ರ ಅರಣ್ಯ ಕಾಯ್ದೆಯ ನಂತರ ಬ್ರಿಟಿಷ್ ಆಡಳಿತದ ಭಾಗಗಳಲ್ಲಿ ಕಾಡು ಸರ್ಕಾರದ ಸ್ವತ್ತಾಗಿ ಗಡಿಕಲ್ಲು ಬಿತ್ತು. ಅಡಿಕೆ ತೋಟದವರಿಗೆ ಗೊಬ್ಬರದ ಸೊಪ್ಪಿಗಾಗಿ ಸೊಪ್ಪಿನಬೆಟ್ಟಗಳನ್ನು ಬಿಡಲಾಯಿತು. ತೋಟವಿಲ್ಲದ ಬಡವನಿಗೆ ಕಾನಿನಲ್ಲಿ ಇದ್ದ ಹಳೆಯ ಬಳಕೆ ಮಾತ್ರ ಯಾವ ಕಾಗದದಲ್ಲೂ ಗಟ್ಟಿಯಾಗಿ ನಿಲ್ಲಲಿಲ್ಲ. ಕಾಗದದಲ್ಲಿ ಬರೆಯದ ಹಕ್ಕು ಮುಂದೆ ಹೇಗೆ ಇಲ್ಲವಾಯಿತೆಂಬುದನ್ನು ಸ್ವಲ್ಪದರಲ್ಲಿಯೇ ಹೇಳುತ್ತೇನೆ.

ಜೋಗದ ನೀರಿನಿಂದ ವಿದ್ಯುತ್ ಪಡೆಯುವ ಮೊದಲ ದೊಡ್ಡ ಕಾರ್ಯ ಮೈಸೂರು ಸಂಸ್ಥಾನದ್ದು. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ಜೋಗದ ಕೆಳಗಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಮೊದಲು ಕೃಷ್ಣರಾಜೇಂದ್ರರ ಹೆಸರು ಹೊತ್ತಿದ್ದ ಅದಕ್ಕೆ ನಂತರ ಮಹಾತ್ಮಾ ಗಾಂಧಿಯವರ ಹೆಸರು ಬಂದಿತು. ಪೂರ್ಣಗೊಂಡಾಗ ಅದರ ಸಾಮರ್ಥ್ಯ 120 ಮೆಗಾವ್ಯಾಟ್. ಹಿರೇಭಾಸ್ಕರದ ವಿಶೇಷವೆಂದರೆ ಅದರ ಸೈಫನ್‌ಗಳು. ನೀರು ಒಂದು ಮಟ್ಟ ಮುಟ್ಟಿದೊಡನೆ, ಯಾರೂ ಬಾಗಿಲು ಎತ್ತದೆ, ತಾನಾಗಿಯೇ ಹೊರಗೆ ನುಗ್ಗುವಂತೆ ಎಂಜಿನಿಯರ್ ಗಣೇಶ್ ಅಯ್ಯರ್ ಅವರು ರೂಪಿಸಿದ ವ್ಯವಸ್ಥೆ. ತರಗತಿಯಲ್ಲಿ ರಬ್ಬರ್ ನಳಿಕೆಯಿಂದ ಬಕೆಟ್ಟಿನ ನೀರು ಇಳಿಸಿ ತೋರಿಸುವ ತತ್ತ್ವವೇ ಅಲ್ಲಿ ಗಾರೆಯಲ್ಲಿ ನಿಂತಿತ್ತು.

ಆದರೆ ಈ ಅಣೆಕಟ್ಟಿನ ಆಯುಸ್ಸು ಹದಿನಾರೇ ವರ್ಷ.

ಮುಳುಗಡೆ

ನಾಡಿಗೆ ಇನ್ನೂ ಹೆಚ್ಚಿನ ವಿದ್ಯುತ್ ಬೇಕಾಯಿತು. 1964ರಲ್ಲಿ ಕೆಳಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸಂಗ್ರಹ ಸುಮಾರು 151 ಟಿ.ಎಂ.ಸಿ.; ಮುಳುಗಿದ ನೆಲ ಸುಮಾರು 300 ಚದರ ಕಿಲೋಮೀಟರ್. ಹೊಸ ಜಲಾಶಯ ಹಳೆಯ ಹಿರೇಭಾಸ್ಕರವನ್ನೇ ನುಂಗಿತು. ಇಲ್ಲಿನ ನೀರು ತಳಕಳಲೆಯ ಜಲಾಶಯಕ್ಕೆ ಸಾಗಿ, ಅಲ್ಲಿಂದ ಕೊಳವೆಗಳಲ್ಲಿ ಇಳಿದು ಯಂತ್ರ ತಿರುಗಿಸುತ್ತದೆ. ಹತ್ತು ಘಟಕಗಳ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಕರ್ನಾಟಕದ ಕಾರ್ಖಾನೆಗಳು, ಪಂಪ್‌ಸೆಟ್‌ಗಳು, ನನ್ನ ತಲೆಮಾರಿನ ಮಕ್ಕಳು ಓದಿದ ದೀಪಗಳು ಬಹುಕಾಲ ಈ ಹೊಳೆಯ ಋಣದಲ್ಲಿದ್ದವು. ಎಡಗಡೆಯ ‘ಬಂದದ್ದು’ ಪಟ್ಟಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿಯೇ ಬರೆಯಬೇಕೆಂದು ಮಕ್ಕಳಿಗೆ ಹೇಳುತ್ತಿದ್ದೆ. ಬೆಳಕಿನಲ್ಲಿ ಕುಳಿತು ಬೆಳಕನ್ನು ಬೈಯುವುದು ಸರಿಯಲ್ಲ.

ಬಲಗಡೆಯ ಪಟ್ಟಿಗೆ ನಾವು ಮಡೆನೂರಿಗೆ ಹೋದೆವು. ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಮೇಲೇಳುತ್ತದೆ. ಅಂಥದೊಂದು ಏಪ್ರಿಲ್‌ನಲ್ಲಿ, ರಜೆಯ ದಿನಗಳಾದ್ದರಿಂದ ಹದಿನೈದು ಮಕ್ಕಳನ್ನಷ್ಟೇ ಕರೆದುಕೊಂಡು, ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದೆವು. ಎಲ್ಲಿ ನೋಡಿದರೂ ಮರದ ಬೊಡ್ಡೆಗಳು. ನೀರಿನಲ್ಲಿ ನಿಂತು ಕಪ್ಪಾದವು. ವಿದ್ಯಾರ್ಥಿನಿಯೊಬ್ಬಳ ಅಜ್ಜ ನಮ್ಮೊಡನೆ ಬಂದಿದ್ದರು. ಅವರ ಬಾಲ್ಯದ ಊರು ಆ ಬಯಲಿನಲ್ಲಿ ಎಲ್ಲಿಯೋ ಇತ್ತು. ಊರುಗೋಲಿನಿಂದ ತೋರಿಸುತ್ತ, “ಇದು ಕಣ ಇದ್ದ ಜಾಗ, ಮೇಷ್ಟ್ರೇ. ಅಲ್ಲಿ ಬಾವಿ. ಆ ಕಡೆಗೆ ಚೌಡಿಬನ” ಎಂದು ಹೇಳುತ್ತಿದ್ದರು. ನಮ್ಮ ಕಣ್ಣಿಗೆ ಕೆಸರು, ಕಲ್ಲು.

“ಅಜ್ಜಾ, ಪರಿಹಾರ ಕೊಟ್ಟಿದ್ರಾ?” ಎಂದು ಒಬ್ಬ ಹುಡುಗಿ ಕೇಳಿದಳು.

“ಕೊಟ್ರು ಮಗಾ. ಗದ್ದೆ ಯಾರ ಹೆಸರಲ್ಲಿತ್ತೋ ಅವರಿಗೆ ಕೊಟ್ರು. ನಾವು ಗೇಣಿ ಮಾಡ್ತಿದ್ದವರು. ನಮ್ಮ ಹೆಸರಲ್ಲಿ ಏನಿತ್ತು? ಲಾರಿ ಬಂತು, ಹತ್ತಿದ್ವಿ.”

ಈ ಮಾತಿನ ಹಿಂದಿನ ಇತಿಹಾಸವನ್ನು ನಾನು ಅಲ್ಲಿಯೇ, ಅಣೆಕಟ್ಟಿನ ನೆರಳಿನಲ್ಲಿ ಕುಳಿತು ಮಕ್ಕಳಿಗೆ ವಿವರಿಸಿದೆ. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದರು. ರಾಮಮನೋಹರ ಲೋಹಿಯಾ ಅವರೇ ಬಂದು ಬೆಂಬಲಿಸಿದರು. ಉಳುವವನೇ ನೆಲದೊಡೆಯ ಎಂಬ ಆಶಯ ಕಾನೂನಾಗಿ ಗಟ್ಟಿಯಾದದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ. ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು 1964ರಲ್ಲಿ. ಹೋರಾಟಕ್ಕೂ ಕಾನೂನಿಗೂ ನಡುವಿನ ಆ ಹಳ್ಳದಲ್ಲಿ ಮುಳುಗಿದ ಹಳ್ಳಿಗಳ ಗೇಣಿದಾರರು ಬಿದ್ದುಹೋದರು. ಹತ್ತು ವರ್ಷ ತಡವಾಗಿದ್ದರೆ ಅದೇ ಗದ್ದೆ ಅವರ ಹೆಸರಿನಲ್ಲಿ ಇರುತ್ತಿತ್ತು. ಇಸವಿಗಳನ್ನು ಬಾಯಿಪಾಠ ಮಾಡುವುದೇಕೆ ಎಂದು ಕೇಳುತ್ತಿದ್ದ ಮಕ್ಕಳಿಗೆ ಅಂದು ಉತ್ತರ ಸಿಕ್ಕಿತೆಂದು ಭಾವಿಸುತ್ತೇನೆ. 1951, 1964, 1974: ಈ ಮೂರು ಸಂಖ್ಯೆಗಳ ಅಂತರದಲ್ಲಿ ಒಂದು ಮನೆತನದ ಭವಿಷ್ಯವಿತ್ತು.

ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳ ಜನ ಹೀಗೆ ಎದ್ದು ಹೋದರು. ಅವರಲ್ಲಿ ಅನೇಕರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಯ ಕಾಡುಭೂಮಿಯಲ್ಲಿ ತಂದು ಇಳಿಸಲಾಯಿತು. ಅವರು ಕಾಡು ಕಡಿದು ಗದ್ದೆ ಮಾಡಿಕೊಂಡರು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಅನುಮತಿ ಅಗತ್ಯವಾಯಿತು. ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದ ನೆಲದ ಮೇಲೆ ಕುಳಿತ ಈ ಕುಟುಂಬಗಳಿಗೆ ಹಕ್ಕುಪತ್ರವೆಂಬುದು ಬಿಸಿಲುಗುದುರೆಯಾಯಿತು. ರಾಜ್ಯ ಸರ್ಕಾರ ಅಂಥ ಭೂಮಿಯನ್ನು ಅರಣ್ಯದಿಂದ ಕೈಬಿಟ್ಟು ಹೊರಡಿಸಿದ್ದ ಆದೇಶಗಳನ್ನು ಕೇಂದ್ರದ ಅನುಮತಿ ಇಲ್ಲವೆಂಬ ಕಾರಣಕ್ಕೆ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರ ಮೊಮ್ಮಕ್ಕಳು ‘ಒತ್ತುವರಿದಾರರು’ ಎಂಬ ಹೆಸರು ಹೊತ್ತರು. ಅಂಥ ಮೊಮ್ಮಕ್ಕಳು ನನ್ನ ತರಗತಿಯ ಬೆಂಚುಗಳಲ್ಲಿಯೂ ಇದ್ದರು.

ಈ ದುಃಖವನ್ನು ಸಾಹಿತ್ಯದಲ್ಲಿ ಹಿಡಿದಿಟ್ಟವರು ನಮ್ಮ ಸಾಗರದವರೇ ಆದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಹತ್ತಿರದಿಂದ ಕಂಡ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು, ಅದಕ್ಕೆ ಸ್ವರ್ಣಕಮಲ ಬಂದಿತು. 2025ರ ಜನವರಿಯಲ್ಲಿ ಡಿಸೋಜರು ನಮ್ಮನ್ನಗಲಿದರು. ಹಿನ್ನೀರಿನ ಸಂಚಾರಕ್ಕೆ ಹೊರಡುವ ಮೊದಲು ಅವರ ಒಂದು ಕಾದಂಬರಿಯನ್ನಾದರೂ ಓದಿರಬೇಕೆಂಬುದು ನಮ್ಮ ಸಂಘದ ನಿಯಮವಾಗಿತ್ತು.

ಎರಡು ಅಳಿವೆಗಳು

ಯಂತ್ರ ತಿರುಗಿಸಿದ ನೀರು ಮತ್ತೆ ಹೊಳೆಗೇ ಬರುತ್ತದೆ; ಹಾಗಾದರೆ ಹೊಳೆಗೆ ನಷ್ಟವೇನು? ಈ ಪ್ರಶ್ನೆಗೆ ಉತ್ತರ ಹುಡುಕಿ ಒಂದು ವರ್ಷ ಹೊನ್ನಾವರಕ್ಕೂ, ಅಲ್ಲಿಂದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೂ ಹೋದೆವು. ಅಕ್ಕಪಕ್ಕದ ಎರಡು ಹೊಳೆಗಳು. ಒಂದಕ್ಕೆ ಅಣೆಕಟ್ಟುಗಳ ಸಾಲು. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿಯೂ 240 ಮೆಗಾವ್ಯಾಟಿನ ಇನ್ನೊಂದು ಸೇರಿತು. ಇನ್ನೊಂದಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ.

ಅಳಿವೆಯ ಜೀವ ಇರುವುದು ಉಪ್ಪು ಸಿಹಿಗಳ ಹದದಲ್ಲಿ. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಭರತದೊಡನೆ ಒಳನುಗ್ಗುವ ಉಪ್ಪುನೀರು. ಬಳಚು, ಚಿಪ್ಪಿಕಲ್ಲುಗಳು ಈ ಏರಿಳಿತಕ್ಕೆ ಹೊಂದಿಕೊಂಡು ಬೆಳೆಯುವಂಥವು. ವಿದ್ಯುದಾಗಾರಗಳು ವರ್ಷವಿಡೀ ನೀರು ಬಿಡುವುದರಿಂದ ಶರಾವತಿಯ ಅಳಿವೆಯಲ್ಲಿ ಬೇಸಿಗೆಯಲ್ಲಿಯೂ ಉಪ್ಪಿನಂಶ ಇಳಿದು, ತಿನ್ನುವ ಚಿಪ್ಪುಗಳು ಬಹುಮಟ್ಟಿಗೆ ಇಲ್ಲವಾದವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ನೂರಾರು ಜನ, ಅವರಲ್ಲಿ ಬಹಳಷ್ಟು ಹೆಂಗಸರು, ಮೊಣಕಾಲುದ್ದದ ನೀರಿನಲ್ಲಿ ಬಳಚು ಹೆಕ್ಕುತ್ತಿದ್ದುದನ್ನು ನಮ್ಮ ಮಕ್ಕಳು ನೋಡಿದರು. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿ ನಿಲ್ಲುವ ‘ಕಗ್ಗ’ ಎಂಬ ಭತ್ತವನ್ನೂ ಕಂಡರು. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಹೊನ್ನಾವರದಲ್ಲಿ ಬಳಚು ಹೆಕ್ಕಿ ಮಾರುತ್ತಿದ್ದ ತಾಯಂದಿರ ಬುಟ್ಟಿ ಬರಿದಾದದ್ದಕ್ಕೆ ಯಾರೂ ಪರಿಹಾರದ ಅರ್ಜಿ ಹಾಕಲಿಲ್ಲ. ಹಾಕಲು ಬರುವುದೂ ಇಲ್ಲ. ಬಳಚಿಗೆ ಪಹಣಿ ಇಲ್ಲ. ಮುಳುಗಡೆಯಾದ ಊರು ಕಣ್ಣಿಗೆ ಕಾಣುತ್ತದೆ. ಐವತ್ತು ಮೈಲಿ ಆಚೆಗೆ ಮೆಲ್ಲನೆ ಸಿಹಿಯಾದ ನೀರು ಕಾಣುವುದಿಲ್ಲ.

ಕಾಡು ಕಾಯುವುದಕ್ಕೂ ಲೆಕ್ಕವಿದೆ

ನೀರಿನ ಕಥೆ ಹೀಗಾದರೆ, ಉಳಿದ ಕಾಡಿನ ಕಥೆ ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ 1972ರಲ್ಲಿಯೇ ಶರಾವತಿ ಕಣಿವೆ ಅಭಯಾರಣ್ಯವಾಯಿತು. 2019ರಲ್ಲಿ ಅದನ್ನು ವಿಸ್ತರಿಸಿ, ಅಘನಾಶಿನಿಯ ಕಡೆಯ ಸಿಂಗಳೀಕ ಸಂರಕ್ಷಣಾ ಪ್ರದೇಶವನ್ನೂ ಕೂಡಿಸಿ, 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ರಚಿಸಲಾಯಿತು. ಇದು ಸ್ವಾಗತಾರ್ಹ ಕಾರ್ಯ. ಆದರೂ ಇದರೊಳಗಿನ ಊರುಗಳವರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಒಮ್ಮೆ ನೀರಿನ ಹೆಸರಿನಲ್ಲಿ ಎದ್ದವರಿಗೆ ಮತ್ತೊಮ್ಮೆ ಕಾಡಿನ ಹೆಸರಿನಲ್ಲಿ ಏಳಬೇಕಾದೀತೆಂಬ ಭಯ ಇರುವುದು ಸಹಜ.

ಕಾಡಿನ ಜೊತೆ ಬದುಕುವವರಿಗೆ ಇನ್ನೊಂದು ಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರಿಗೂ ಜ್ವರ ಬಂದಿತು. ಅದೇ ಮಂಗನ ಕಾಯಿಲೆ. ರೋಗಾಣುವನ್ನು ಹರಡುವುದು ಉಣುಗು. ಕಾಡು ಒಡೆದು ಅಂಚು ಹೆಚ್ಚಾದಂತೆ, ಆ ಅಂಚಿನಲ್ಲಿ ದನ ಮೇಯ್ದಂತೆ ಉಣುಗಿನ ಸಂತತಿಗೆ ಅನುಕೂಲವಾಗುತ್ತದೆಂದು ತಜ್ಞರು ಹೇಳುತ್ತಾರೆ. 2018ರ ಕೊನೆಯಿಂದ 2019ರವರೆಗೆ ಇದೇ ಕಣಿವೆಯ ಅರಳಗೋಡಿನ ಸುತ್ತ ಅನೇಕರು ಪ್ರಾಣ ಕಳೆದುಕೊಂಡರು. ಆದ್ದರಿಂದಲೇ ಕಾಯಿಲೆಯ ಸುದ್ದಿ ಇದ್ದ ವರ್ಷಗಳಲ್ಲಿ ಕಾಡಿನ ಸಂಚಾರವನ್ನು ಕೈಬಿಡುತ್ತಿದ್ದೆವು. ಉಳಿದ ವರ್ಷಗಳಲ್ಲಿಯೂ ಆರೋಗ್ಯ ಇಲಾಖೆಯವರು ಕೊಡುತ್ತಿದ್ದ ಡಿ.ಎಂ.ಪಿ. ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಒಬ್ಬರನ್ನೂ ಬಸ್ಸಿನಿಂದ ಇಳಿಸುತ್ತಿರಲಿಲ್ಲ. ಪೇಟೆಯಿಂದ ಬರುವವರಿಗೆ ಕಾಡು ಎಂದರೆ ತಂಪು. ಸೌದೆಗೆ, ದರಗಿಗೆ ಹೋಗುವವರಿಗೆ ಅದು ದಿನದಿನದ ಅಪಾಯವೂ ಹೌದು. ಸಂರಕ್ಷಣೆಯ ಭಾಷಣಗಳಲ್ಲಿ ಈ ಎರಡನೆಯ ಮಾತನ್ನು ನಾನು ಕೇಳಿದ್ದು ಕಡಿಮೆ.

ಇಂದಿನ ಪುಟ

ನಾನು ನಿವೃತ್ತನಾದ ಮೇಲೆಯೂ ಕಣಿವೆಯ ಲೆಕ್ಕ ಮುಗಿದಿಲ್ಲ. ಲಿಂಗನಮಕ್ಕಿಯ ಹಿನ್ನೀರು ತುಮರಿಯ ಭಾಗವನ್ನು ದ್ವೀಪದಂತೆ ಮಾಡಿದ ಮೇಲೆ, ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಹೆರಿಗೆ ನೋವಿನ ಹೆಣ್ಣುಮಗಳೂ ಲಾಂಚಿಗೆ ಕಾಯಬೇಕಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಡ. 2025ರ ಜುಲೈ 14ರಂದು ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಮುಳುಗಡೆಯಾಗಿ ಅರವತ್ತು ವರ್ಷ ಕಳೆದ ಮೇಲೆ! ಎಡಗಡೆಯ ಪಟ್ಟಿಗೆ ಇದನ್ನು ಸಂತೋಷದಿಂದ ಸೇರಿಸೋಣ. ತಾರೀಖನ್ನು ಮಾತ್ರ ಮರೆಯದೆ ಬರೆಯೋಣ.

ಅದೇ ವರ್ಷ ಇನ್ನೊಂದು ವಿಷಯ ಎಲ್ಲರ ಬಾಯಲ್ಲಿತ್ತು. ತಳಕಳಲೆಯನ್ನು ಮೇಲಿನ ಜಲಾಶಯವಾಗಿ, ಗೇರುಸೊಪ್ಪೆಯನ್ನು ಕೆಳಗಿನ ಜಲಾಶಯವಾಗಿ ಬಳಸುವ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ. ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ಯಂತ್ರ ತಿರುಗಿಸುವುದು ಇದರ ತತ್ತ್ವ. ಎತ್ತಲು ಬೇಕಾದ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಆದರೂ ಬಿಸಿಲು, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇದು ದೊಡ್ಡ ಬ್ಯಾಟರಿಯಂತೆ ಎನ್ನುತ್ತಾರೆ ಬೇಕೆನ್ನುವವರು. ಸುರಂಗ, ರಸ್ತೆಗಳು ಸಿಂಗಳೀಕದ ಅಭಯಾರಣ್ಯದೊಳಗೆ ಹೋಗುತ್ತವೆ, ಘಟ್ಟದ ಮಣ್ಣು ಸಡಿಲವಾಗುತ್ತದೆ ಎನ್ನುತ್ತಾರೆ ಬೇಡವೆನ್ನುವವರು. 2025ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದವು. ನನ್ನ ಹಳೆಯ ವಿದ್ಯಾರ್ಥಿಗಳು ಎರಡೂ ಪಕ್ಷಗಳಲ್ಲಿ ಇದ್ದಾರೆ; ಕೆಲವರು ವಿದ್ಯುತ್ ಇಲಾಖೆಯಲ್ಲಿ, ಕೆಲವರು ಹೋರಾಟದಲ್ಲಿ. ಇಬ್ಬರೂ ದೂರವಾಣಿ ಮಾಡಿ “ಸರ್, ನೀವೇನು ಹೇಳುತ್ತೀರಿ?” ಎಂದು ಕೇಳಿದರು.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಈ ಕಣಿವೆ ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟಾಗಿದೆ. ಉಳಿದಿರುವ ಕತ್ತಲೆಕಾನುಗಳನ್ನು ಹೊಸದಾಗಿ ಸೀಳಬಾರದು. ಆದರೆ ನನ್ನ ಅಭಿಪ್ರಾಯಕ್ಕಿಂತ ಮುಖ್ಯವಾದದ್ದು ಒಂದಿದೆ. ಮೆಣಸಿನ ಕಾಲದಿಂದ ಇಂದಿನವರೆಗೆ ಈ ಕಣಿವೆಯಲ್ಲಿ ಎಡಗಡೆಯ ಪಟ್ಟಿಯನ್ನು ಬರೆಯಲು ಯಾವಾಗಲೂ ಜನರಿದ್ದರು. ಮೆಣಸಿನ ತೂಕ, ನೀರಿನ ಟಿ.ಎಂ.ಸಿ., ಯಂತ್ರದ ಮೆಗಾವ್ಯಾಟ್ ಎಲ್ಲವೂ ದಾಖಲೆಯಲ್ಲಿವೆ. ಬಲಗಡೆಯ ಪಟ್ಟಿಗೆ ಸೇರಬೇಕಾದವರು ಮಾತ್ರ ಹೆಸರಿಲ್ಲದವರು: ಪಹಣಿಯಿಲ್ಲದ ಗೇಣಿದಾರ, ಅರ್ಜಿ ಹಾಕದ ಬಳಚಿನ ಹೆಂಗಸು, ಮಾತು ಬಾರದ ಸಿಂಗಳೀಕ. ಆಗಿಹೋದ ತೀರ್ಮಾನಗಳಲ್ಲಿ ಕೆಲವು ಅನಿವಾರ್ಯವೇ ಇದ್ದಿರಬಹುದು. ಅವುಗಳ ಬಲಗಡೆ ಖಾಲಿ ಉಳಿದದ್ದು ಅನಿವಾರ್ಯವಾಗಿರಲಿಲ್ಲ. ಮೊದಲೇ ಬರೆದಿದ್ದರೆ ಗೇಣಿದಾರನಿಗೂ ನೆಲ ಸಿಗುತ್ತಿತ್ತು, ಸೇತುವೆ ಅಣೆಕಟ್ಟಿನ ಜೊತೆಗೇ ಏಳುತ್ತಿತ್ತು.

ಆದ್ದರಿಂದ, ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ, ನೀವು ಈಗ ಎಂಜಿನಿಯರ್‌ಗಳಾಗಿದ್ದೀರಿ, ತಹಸೀಲ್ದಾರ್ ಕಚೇರಿಯಲ್ಲಿದ್ದೀರಿ, ಶಿಕ್ಷಕರಾಗಿದ್ದೀರಿ, ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ಮನೆ ಮಾಡಿದ್ದೀರಿ. ನಿಮ್ಮ ಮಕ್ಕಳನ್ನು ಜೋಗಕ್ಕೆ ಕರೆತನ್ನಿ. ಮಳೆಗಾಲದಲ್ಲಿ ನಾಲ್ಕೂ ಕವಲುಗಳನ್ನು ತೋರಿಸಿ. ಜೊತೆಗೆ ಒಂದು ಬೇಸಿಗೆಯಲ್ಲಿ, ನೀರು ಇಳಿದಾಗ, ಮಡೆನೂರಿನ ಕೆಸರಿನ ಮೇಲೂ ನಡೆಸಿ. ಅಲ್ಲಿ ಊರುಗೋಲಿನಿಂದ ಬಾವಿಯ ಜಾಗ ತೋರಿಸಬಲ್ಲ ಹಿರಿಯರು ಈಗ ಬಹಳ ಕಡಿಮೆ. ಸಿಕ್ಕರೆ ಅವರ ಮಾತನ್ನು ಬರೆದುಕೊಳ್ಳಿ. ನಮ್ಮ ಹಳೆಯ ನೋಟ್‌ಪುಸ್ತಕ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ಕೆಳಗಿಳಿಸಿ ನೋಡಿ. ಬಲಗಡೆಯಲ್ಲಿ ಇನ್ನೂ ಜಾಗವಿದೆ.